ಯಾಕುಜಾ ಗೇಮ್‌ಗಳಲ್ಲಿ ಕಣ್ಣು ಒದ್ದೆ ಮಾಡುವ ಕ್ಷಣಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಯಾವ ಗೇಮ್ ಬಗ್ಗೆ ಈ ಮಾತೆಲ್ಲ?

ಸೆಗಾ ಕಂಪನಿಯ ಯಾಕುಜಾ ಎಂಬ ವಿಡಿಯೋ ಗೇಮ್ ಸರಣಿಯ ಬಗ್ಗೆ. ಯಾಕುಜಾ ಅಂದರೆ ಜಪಾನಿನ ಭೂಗತ ರೌಡಿ ಗುಂಪುಗಳು. ಜಪಾನಿನಲ್ಲಿ ಮೊದಲಿನಿಂದಲೂ ಇದರ ಹೆಸರು 'ರ್ಯೂ ಗಾ ಗೊತೊಕು', ಅಂದರೆ ಡ್ರ್ಯಾಗನ್‌ನಂತೆ. ಹೊರದೇಶಗಳಲ್ಲಿ ಬಹುಕಾಲ ಯಾಕುಜಾ ಎಂದೇ ಬರುತ್ತಿತ್ತು, 2022ರಿಂದ ಅಲ್ಲೂ 'ಲೈಕ್ ಎ ಡ್ರ್ಯಾಗನ್' ಆಗಿದೆ. ಮೊದಲ ಗೇಮ್ 2005ರ ಡಿಸೆಂಬರ್‌ನಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂತು. ಅದನ್ನೇ 2016ರಲ್ಲಿ 'ಯಾಕುಜಾ ಕಿವಾಮಿ' ಎಂಬ ಹೆಸರಿನಲ್ಲಿ ಹೊಸದಾಗಿ ಮಾಡಿದರು.

ಟೋಕಿಯೋದ ಕಬುಕಿಚೊ ಬಡಾವಣೆಯನ್ನು ನೋಡಿ ರೂಪಿಸಿದ ಕಮುರೊಚೊ ಎಂಬ ಊರುಕೇರಿ, ಅಲ್ಲಿನ ಭೂಗತ ಲೋಕ, ಕುಲ ಎಂದು ಕರೆಯುವ ಯಾಕುಜಾ ಗುಂಪುಗಳ ನಡುವಿನ ಮೋಸ, ಕೊಲೆ. ಹೊರಗಿನಿಂದ ನೋಡಿದರೆ ಇಷ್ಟೇ. ಒಳಗೆ ಹೋದವರು ಮಾತ್ರ ಬೇರೆಯದೇ ಕಥೆ ಹೇಳುತ್ತಾರೆ.

ಇಲ್ಲಿ ಕಥೆ ಬಿಟ್ಟುಕೊಡುತ್ತೀರಾ?

ಹೌದು. ಕೊನೆಯ ದೃಶ್ಯಗಳ ಬಗ್ಗೆಯೂ ಬರೆದಿದ್ದೇನೆ. ಏನೂ ತಿಳಿಯದೆ ಆಡಬೇಕು ಅನ್ನುವವರು 'ಎಲ್ಲಿಂದ ಶುರು ಮಾಡಲಿ' ಎಂಬ ಪ್ರಶ್ನೆ ಓದಿ ಸಾಕು ಮಾಡಿ, ಗೇಮ್ ಮುಗಿಸಿಕೊಂಡು ಬನ್ನಿ.

ಹೊಡೆದಾಟದ ಗೇಮಿನಲ್ಲಿ ಮನಸ್ಸು ಕರಗುವಂಥದ್ದು ಏನಿರುತ್ತದೆ?

ನಾಯಕ ಕಿರ್ಯೂ ಕಜುಮಾ ಅನಾಥ. ಹಿಮವಾರಿ ಎಂಬ ಅನಾಥಾಲಯದಲ್ಲಿ ಬೆಳೆದವನು. ಅವನ ಜೊತೆ ಬೆಳೆದ ಗೆಳೆಯ ನಿಶಿಕಿಯಾಮಾ (ನಿಶಿಕಿ), ಗೆಳತಿ ಯುಮಿ ಇಬ್ಬರೂ ಹಾಗೆಯೇ. ಆ ಅನಾಥಾಲಯ ನಡೆಸುತ್ತಿದ್ದ ಕಜಾಮಾ ಶಿಂಟಾರೊ ಯಾಕುಜಾ ನಾಯಕ, ಒಂದು ಕಾಲದಲ್ಲಿ ಬಾಡಿಗೆ ಹಂತಕ. ಯಾರ ತಂದೆತಾಯಿಯನ್ನು ತಾನು ಕೊಂದಿದ್ದನೋ ಆ ಮಕ್ಕಳನ್ನೇ ಸಾಕಿದವನು. ಕಿರ್ಯೂನ ತಂದೆತಾಯಿಯನ್ನು ಕೊಂದದ್ದೂ ಅವನೇ. ಕೊನೆಯುಸಿರಿನಲ್ಲಿ ಅದನ್ನು ಒಪ್ಪಿಕೊಳ್ಳುತ್ತಾನೆ. ಕಿರ್ಯೂಗೆ ಅವನೇ ಅಪ್ಪ, ಆಮೇಲೂ ಅವನೇ ಅಪ್ಪ.

ಇಡೀ ಸರಣಿ ನಿಂತಿರುವುದು ಇದರ ಮೇಲೆ. ಹುಟ್ಟಿನಿಂದ ಯಾರೂ ಇಲ್ಲದವರು ದಾರಿಯಲ್ಲಿ ಸಿಕ್ಕವರನ್ನೇ ಮನೆಯವರು ಮಾಡಿಕೊಳ್ಳುತ್ತಾರೆ. ಆ ಮನೆಯ ಬುಡದಲ್ಲಿ ಪಾಪವೂ ಇರುತ್ತದೆ, ಪ್ರೀತಿಯೂ ಇರುತ್ತದೆ, ಎರಡನ್ನೂ ಬಿಡಿಸಲು ಬರುವುದಿಲ್ಲ. ಹಾಗಾಗಿ ಮಮತೆಯ ದೃಶ್ಯಗಳು ಹೊಡೆದಾಟದ ನಡುವೆ ಸಿಗುವ ಬಿಡುವು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆ ದೃಶ್ಯಗಳಿಗಾಗಿಯೇ ಹೊಡೆದಾಟ ನಡೆಯುತ್ತದೆ.

ಕಿರ್ಯೂ, ಹರೂಕಾ ಅಪ್ಪ ಮಗಳಾ?

ರಕ್ತಸಂಬಂಧ ಇಲ್ಲ. ಹರೂಕಾ ಯುಮಿಯ ಮಗಳು. ತಾನು ಮಾಡದ ಕೊಲೆಯನ್ನು ಮೈಮೇಲೆ ಹಾಕಿಕೊಂಡು ಹತ್ತು ವರ್ಷ ಜೈಲಿನಲ್ಲಿ ಕಳೆದ ಕಿರ್ಯೂ 2005ರಲ್ಲಿ ಹೊರಬರುತ್ತಾನೆ. ಕುಲದ ಸಾವಿರ ಕೋಟಿ ಯೆನ್, ಅಂದರೆ 10 ಬಿಲಿಯನ್, ಮಾಯವಾಗಿದೆ ಎಂದು ಊರೆಲ್ಲ ಹುಡುಕುತ್ತಿದೆ. ನಡುವೆ ಒಂದು ಬಾರಿನೊಳಗೆ ಹೆಣಗಳು ಬಿದ್ದಿವೆ, ಅವುಗಳ ಮಧ್ಯೆ ಒಂಬತ್ತು ವರ್ಷದ ಹುಡುಗಿ ಬಂದೂಕು ಹಿಡಿದು ನಿಂತಿದ್ದಾಳೆ. ಇವರಿಬ್ಬರ ಮೊದಲ ಭೇಟಿ ಅದು.

ಹರೂಕಾ ಅವನನ್ನು ಕರೆಯುವುದು 'ಓಜಿಸಾನ್' ಎಂದು. ಮಾವನಿಗೂ ಸಲ್ಲುವ, ದಾರಿಯಲ್ಲಿ ಸಿಕ್ಕ ನಡುವಯಸ್ಸಿನ ಗಂಡಸಿಗೂ ಸಲ್ಲುವ ಪದ. ಇಂಗ್ಲಿಷ್‌ನಲ್ಲಿ ಅದನ್ನು 'ಅಂಕಲ್ ಕಾಜ್' ಮಾಡಿದರು. ಶುರುವಿನಲ್ಲಿ ಆ ಕರೆಯಲ್ಲಿರುವುದು ಗುರುತಿಲ್ಲದ ದೊಡ್ಡವರಿಗೆ ಕೊಡುವ ಮರ್ಯಾದೆ. ವರ್ಷಗಳು ಕಳೆದರೂ ಅವಳು ಪದ ಬದಲಿಸುವುದಿಲ್ಲ, 'ಅಪ್ಪ' ಎನ್ನುವುದಿಲ್ಲ. ಅದೇ ಓಜಿಸಾನ್ ಸದ್ದಿಲ್ಲದೆ ಅಪ್ಪ ಎಂಬ ಅರ್ಥಕ್ಕೆ ಬಂದುಬಿಡುತ್ತದೆ.

ನಾಯಿಮರಿಯ ದೃಶ್ಯದ ಬಗ್ಗೆ ಎಲ್ಲರೂ ಹೇಳುತ್ತಾರಲ್ಲ, ಏನದು?

ಮೇಲೆ ಹೇಳಿದ ಬಾರಿನ ಘಟನೆಯ ನಂತರದ್ದು. ಹರೂಕಾಳ ಹಿಂದೆ ಇಡೀ ಭೂಗತ ಲೋಕ ಬಿದ್ದಿದೆ, ಕಿರ್ಯೂ ಅವಳನ್ನು ಬೇಗ ಸುರಕ್ಷಿತ ಜಾಗಕ್ಕೆ ಸೇರಿಸಬೇಕು. ಅಷ್ಟರಲ್ಲಿ ಅವಳ ಕಣ್ಣಿಗೆ ಪುಂಡರ ಕೈಗೆ ಸಿಕ್ಕಿ ನಲುಗಿದ ಒಂದು ನಾಯಿಮರಿ ಬೀಳುತ್ತದೆ. ಅದಕ್ಕೆ ತಿನ್ನಲು ಏನಾದರೂ ಸಿಗುವವರೆಗೆ ಅವಳು ಕದಲುವುದಿಲ್ಲ.

ಇಲ್ಲಿ ಆಟದ ನಿಯಂತ್ರಣ ನಿಮ್ಮ ಕೈಯಲ್ಲೇ ಇರುತ್ತದೆ. ನೀವೇ ಹೋಗಿ ನಾಯಿಯ ಆಹಾರ ತರಬೇಕು. ಬೆನ್ನ ಮೇಲೆ ಡ್ರ್ಯಾಗನ್ ಹಚ್ಚೆ ಇರುವ, ನಿನ್ನೆಯಷ್ಟೇ ಜೈಲಿನಿಂದ ಬಂದಂತಿರುವ ಮನುಷ್ಯ ಅಂಗಡಿ ಹುಡುಕಿಕೊಂಡು ಓಡಾಡುತ್ತಾನೆ. ಕಥೆ ಅವಸರದಲ್ಲಿದೆ, ಹುಡುಗಿಗೆ ಅವಸರವಿಲ್ಲ, ಕಿರ್ಯೂ ಹುಡುಗಿಯ ಪಕ್ಷ ವಹಿಸುತ್ತಾನೆ. ಅವನು ಎಂಥವನು ಎಂದು ನನಗೆ ಗೊತ್ತಾದದ್ದು ಅಲ್ಲಿ, ಯಾವ ಹೊಡೆದಾಟದಲ್ಲೂ ಅಲ್ಲ.

ಆಮೇಲೆ ಅವಳೊಡನೆ ಊರು ಸುತ್ತುವಾಗ ಅವಳು ಅದು ಬೇಕು, ಇದು ತಿನ್ನೋಣ, ಆ ಆಟ ಗೆದ್ದು ತೋರಿಸು ಎಂದು ಕೇಳುತ್ತಿರುತ್ತಾಳೆ. ನಡೆಸಿಕೊಟ್ಟಷ್ಟೂ ಅವಳ ನಂಬಿಕೆ ಹೆಚ್ಚುತ್ತದೆ. ಬೇಗ ಬೇಗ ಕಥೆ ಮುಗಿಸುವ ಹಟದಲ್ಲಿ ಇವನ್ನು ದಾಟಿಸಿಬಿಡಬೇಡಿ.

ಯಾಕುಜಾ 3 ತುಂಬಾ ನಿಧಾನ, ಬಿಟ್ಟುಬಿಡು ಅಂತಾರೆ. ಬಿಡಬಹುದಾ?

ಬಿಡಬೇಡಿ. 2009ರ ಈ ಗೇಮಿನಲ್ಲಿ ಕಿರ್ಯೂ ಭೂಗತ ಲೋಕ ತೊರೆದು ಓಕಿನಾವಾದ ಕಡಲ ದಂಡೆಯಲ್ಲಿ ಅಸಾಗಾವೊ ಎಂಬ ಅನಾಥಾಲಯ ನಡೆಸುತ್ತಾನೆ. ಹರೂಕಾ ಸೇರಿ ಒಂಬತ್ತು ಮಕ್ಕಳು: ಅಯಾಕೊ, ತಾಯಿಚಿ, ಕೋಜಿ, ಮಿತ್ಸುವೊ, ಶಿರೊ, ರಿಯೊನಾ, ಎರಿ, ಇಝುಮಿ. ಜೊತೆಗೆ ಮಾಮೆ ಎಂಬ ನಾಯಿ. ಮೊದಲ ಹಲವು ಗಂಟೆ ಮಕ್ಕಳ ಜಗಳ ಬಿಡಿಸುವುದು, ಮುನಿಸಿಕೊಂಡವರನ್ನು ಹುಡುಕಿಕೊಂಡು ಹೋಗುವುದು, ಶಾಲೆಯಲ್ಲಿ ಏನಾಯಿತೆಂದು ಕೇಳುವುದು.

ನಿಧಾನ ಎನ್ನುವುದು ನಿಜ. ಅದು ಬೇಕಾಗಿಯೇ ಇಟ್ಟ ನಿಧಾನ ಎಂದು ನನ್ನ ಗಟ್ಟಿ ನಂಬಿಕೆ. ಆ ಮನೆಯ ಜಾಗದ ಮೇಲೆ ಕಣ್ಣು ಹಾಕಿದವರು ಬಂದಾಗ ನಿಮಗೆ ನಿಜವಾಗಿ ಸಿಟ್ಟು ಬರಬೇಕಾದರೆ ಆ ಮಕ್ಕಳ ಹೆಸರು ನಿಮಗೆ ಬಾಯಿಪಾಠ ಆಗಿರಬೇಕು. ಅದೇ ಊರಿನ ಯಾಕುಜಾ ಮುಖಂಡ ನಕಾಹಾರಾ ಸಾಕಿಕೊಂಡ ಸಾಕಿ ಎಂಬ ಹುಡುಗಿ ಮಾತಾಡುವುದಿಲ್ಲ. ಏನು ಹೇಳಬೇಕಿದ್ದರೂ ಚಿತ್ರ ಬರೆದು ತೋರಿಸುತ್ತಾಳೆ. ದರ್ಪದ ಆ ಮನುಷ್ಯ ಅವಳ ಮುಂದೆ ಮೆತ್ತಗಾಗುವುದನ್ನು ಗಮನಿಸಿ ನೋಡಿ.

ನಿಶಿಕಿ, ಕಿರ್ಯೂ ಕಾರಿನ ದೃಶ್ಯ ಯಾವ ಗೇಮಿನದು?

2015ರ ಯಾಕುಜಾ 0. ಕಥೆ ನಡೆಯುವುದು 1988ರ ಡಿಸೆಂಬರ್‌ನಲ್ಲಿ, ಕಿರ್ಯೂಗೆ ಆಗ ಇಪ್ಪತ್ತು ವರ್ಷ. ಕುಲ ಅವನ ಬೆನ್ನು ಹತ್ತಿದೆ, ಸಿಕ್ಕರೆ ಚಿತ್ರಹಿಂಸೆ ಕೊಟ್ಟು ಕೊಲ್ಲುತ್ತಾರೆ. ಬೇರೆಯವರ ಕೈಗೆ ಸಿಕ್ಕಿ ನರಳುವುದಕ್ಕಿಂತ ತನ್ನ ಕೈಯಲ್ಲೇ ಹೋಗಲಿ ಎಂದು ನಿಶಿಕಿ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಊರಾಚೆ ಗುಡ್ಡದ ಕಡೆಗೆ ಹೋಗುತ್ತಾನೆ. ದಾರಿಯುದ್ದಕ್ಕೂ ಹಳೆಯ ಮಾತು. ಕಿರ್ಯೂಗೆ ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಗೊತ್ತು, ತಡೆಯುವುದಿಲ್ಲ. ಕಾರು ನಿಲ್ಲುತ್ತದೆ, ಬಂದೂಕು ಹೊರಗೆ ಬರುತ್ತದೆ, ಕೈ ನಡುಗುತ್ತದೆ, ನಿಶಿಕಿ ಕುಸಿದು ಅಳುತ್ತಾನೆ.

ಮೊದಲ ಗೇಮ್ ಆಡಿದವರಿಗೆ ಇವರಿಬ್ಬರು ಮುಂದೆ ಏನಾಗುತ್ತಾರೆ ಎಂದು ತಿಳಿದಿರುತ್ತದೆ. ಕಿರ್ಯೂ ಹತ್ತು ವರ್ಷ ಜೈಲು ಅನುಭವಿಸುವುದು ಇದೇ ನಿಶಿಕಿಗಾಗಿ, ಹೊರಬಂದಾಗ ಎದುರು ನಿಲ್ಲುವವನೂ ಇದೇ ನಿಶಿಕಿ. ಆ ತಿಳಿವಳಿಕೆ ಇಟ್ಟುಕೊಂಡು ಕಾರಿನ ದೃಶ್ಯ ನೋಡಿದರೆ ಎದೆ ಹಿಂಡುತ್ತದೆ.

ಮಜೀಮಾ ಕೊನೆಗೆ ಮಕೊಟೊಗೆ ತಾನು ಯಾರೆಂದು ಯಾಕೆ ಹೇಳುವುದಿಲ್ಲ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ.

ಯಾಕುಜಾ 0ರ ಇನ್ನೊಬ್ಬ ನಾಯಕ ಮಜೀಮಾ ಗೊರೊ ಒಕ್ಕಣ್ಣಿನವನು. ಒಸಾಕಾದ ದೊತೊನ್‌ಬೊರಿಯನ್ನು ಹೋಲುವ ಸೊಟೆನ್‌ಬೊರಿಯಲ್ಲಿ ಕ್ಯಾಬರೆ ನಡೆಸುತ್ತಾ ಒಂದು ರೀತಿಯ ಬಂಗಾರದ ಪಂಜರದಲ್ಲಿದ್ದಾನೆ. ಮಕೊಟೊ ಎಂಬವರನ್ನು ಕೊಂದರೆ ಕುಲಕ್ಕೆ ವಾಪಸು ಸೇರಿಸಿಕೊಳ್ಳುತ್ತೇವೆ ಎಂಬ ಷರತ್ತು ಬರುತ್ತದೆ. ಹುಡುಕಿಕೊಂಡು ಹೋದರೆ ಅವಳು ಮಾನಸಿಕ ಆಘಾತದಿಂದ ದೃಷ್ಟಿ ಕಳೆದುಕೊಂಡ ಹುಡುಗಿ. ಕೊಲ್ಲಲು ಹೋದವನು ಕಾಯಲು ನಿಲ್ಲುತ್ತಾನೆ. ಕಮುರೊಚೊದ ಒಂದು ಅಂಗೈಯಗಲದ ಖಾಲಿ ಜಾಗಕ್ಕೆ ಅವಳು ವಾರಸುದಾರಳು, ಅದಕ್ಕಾಗಿ ಎಲ್ಲರಿಗೂ ಅವಳು ಬೇಕು. ಅವಳಾಗಿ ಅವಳು ಬೇಕಾದದ್ದು ಕೆಲವೇ ಜನರಿಗೆ.

ಕೊನೆಯಲ್ಲಿ ಅವಳಿಗೆ ಕಣ್ಣು ಬಂದಿದೆ. ಜೊತೆಗೆ ಒಬ್ಬ ವೈದ್ಯ, ಅವಳನ್ನು ಇಷ್ಟಪಡುವವನು. ಮಜೀಮಾ ಎದುರಾಗುತ್ತಾನೆ. ಅವಳು ಅವನ ಮುಖ ಎಂದೂ ನೋಡಿಲ್ಲ. ಅವನು ಆ ವೈದ್ಯನನ್ನು ಹಿಡಿದು ಕೆಣಕುತ್ತಾನೆ, ಹೆದರಿಸುತ್ತಾನೆ. ವೈದ್ಯ ಹೆದರಿದರೂ ಅವಳನ್ನು ಬಿಟ್ಟು ಓಡುವುದಿಲ್ಲ. ಅಷ್ಟು ಸಾಕಾಯಿತು ಮಜೀಮಾಗೆ. ಚೆನ್ನಾಗಿ ನೋಡಿಕೋ ಎಂಬಂತೆ ಬಿಟ್ಟು ನಡೆದುಬಿಡುತ್ತಾನೆ.

ಹೇಳಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಅವಳು ಆ ಲೋಕದಿಂದ ಈಗಷ್ಟೇ ಹೊರಬಿದ್ದಿದ್ದಾಳೆ. ಅವನ ಹೆಸರಿನ ಜೊತೆ ಆ ಲೋಕವೂ ವಾಪಸು ಬರುತ್ತಿತ್ತು. ಅವಳಿಗೆ ಕೊಡಲು ಅವನ ಬಳಿ ಇದ್ದದ್ದು ತನ್ನ ಗೈರುಹಾಜರಿ ಒಂದೇ, ಅದನ್ನೇ ಕೊಟ್ಟ. 2017ರಲ್ಲಿ ಬಂದ ಕಿವಾಮಿ 2ರ ಮಜೀಮಾ ಕಥಾಭಾಗದಲ್ಲಿ ಇಬ್ಬರೂ ಮತ್ತೆ ಒಂದೇ ಕೋಣೆಯಲ್ಲಿ ಸಿಗುತ್ತಾರೆ. ಅವಳು ಅಂಗಮರ್ದನ ಮಾಡುವವಳು, ಅವನು ಗಿರಾಕಿಯಾಗಿ ಬಂದವನು. ಯಾಕುಜಾ 0 ಆಡಿದವರು ಅದನ್ನು ತಪ್ಪಿಸಿಕೊಳ್ಳಬಾರದು.

ಸಬ್‌ಸ್ಟೋರಿ ಅಂದರೇನು? ಯಾವುದನ್ನು ಆಡಲೇಬೇಕು?

ಮುಖ್ಯ ಕಥೆಯ ಪಕ್ಕದಲ್ಲಿ ಬೀದಿಬೀದಿಯಲ್ಲಿ ಸಿಗುವ ಪುಟ್ಟ ಕಥೆಗಳು. ಯಾರೋ ಅಳುತ್ತಾ ನಿಂತಿರುತ್ತಾರೆ, ನಿಮ್ಮ ನಾಯಕನಿಗೆ ದಾಟಿ ಹೋಗಲು ಮನಸ್ಸು ಬರುವುದಿಲ್ಲ, ಅಷ್ಟೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾಕುಜಾ 0ರದ್ದು. ಒಬ್ಬ ಹುಡುಗ ಹೊಸದಾಗಿ ಬಂದ ವಿಡಿಯೋ ಗೇಮ್ ಕೊಂಡು ಹೊರಬಂದಿದ್ದಾನೆ, ಯಾರೋ ಕಿತ್ತುಕೊಂಡು ಓಡುತ್ತಾರೆ. ಕಿರ್ಯೂ ಬೆನ್ನಟ್ಟಿ ಹಿಡಿದರೆ ಅವನ ಕೈಯಿಂದ ಇನ್ನೊಬ್ಬ ಕಿತ್ತಿದ್ದಾನೆ, ಅವನಿಂದ ಮತ್ತೊಬ್ಬ. ಪೆಟ್ಟಿಗೆ ಹೀಗೆ ಕೈಯಿಂದ ಕೈಗೆ ಹೋಗಿ ಕೊನೆಗೆ ಒಬ್ಬ ನಡುವಯಸ್ಸಿನ ಮನುಷ್ಯನ ಹತ್ತಿರ ಸಿಗುತ್ತದೆ. ಮಗನಿಗೆ ಕೊಡಬೇಕೆಂದು ಅವನು ಈ ಕೆಲಸಕ್ಕೆ ಇಳಿದಿದ್ದಾನೆ. ಆ ಮಗ ಯಾರು ಅಂದರೆ, ಮೊದಲು ಗೇಮ್ ಕಳೆದುಕೊಂಡ ಹುಡುಗನೇ. ಆ ಅಪ್ಪನ ಮುಖ ಬಾಡುವ ಕ್ಷಣದಲ್ಲಿ ನಗು ಗಂಟಲಿನಲ್ಲೇ ನಿಲ್ಲುತ್ತದೆ.

ಮಜೀಮಾನದು ಎರಡು ಹೇಳುತ್ತೇನೆ. ಒಬ್ಬ ತಾಯಿಯ ಮಾತು ಕೇಳಿ ಅವಳ ಮಗಳನ್ನು ಒಂದು ಮೋಸದ ಪಂಥದಿಂದ ಬಿಡಿಸಿ ತರುವುದು. ಇನ್ನೊಂದರಲ್ಲಿ ಯುವತಿಯೊಬ್ಬಳ ಅಪ್ಪನ ಎದುರು ಅವಳ ಪ್ರಿಯಕರನಂತೆ ನಟಿಸುವುದು. ಚಿಣ್ಣರ ಜೊತೆ ಪುಟಾಣಿ ಕಾರುಗಳ ರೇಸ್‌ನಲ್ಲಿ ಕಿರ್ಯೂ ಮೈಮರೆಯುವ ಪಾಕೆಟ್ ಸರ್ಕ್ಯೂಟ್ ಕೂಡ ಇದೇ ಸಾಲಿಗೆ ಸೇರುತ್ತದೆ. ಬೌಲಿಂಗ್‌ನಲ್ಲಿ ಗೆದ್ದ ನಗೆಟ್ ಎಂಬ ಕೋಳಿ ಅವನ ಆಸ್ತಿ ವ್ಯವಹಾರದ ಮ್ಯಾನೇಜರ್ ಆಗುವುದನ್ನು ನೀವೇ ನೋಡಿ ಆನಂದಿಸಿ.

ಟ್ಯಾಕ್ಸಿ ಓಡಿಸುವ ಭಾಗ ಯಾವುದರಲ್ಲಿದೆ?

2012ರ ಯಾಕುಜಾ 5ರಲ್ಲಿ. ಹರೂಕಾಳ ಗಾಯನದ ಬದುಕಿಗೆ ತನ್ನ ಹೆಸರಿನ ಮಸಿ ತಾಗಬಾರದೆಂದು ಕಿರ್ಯೂ ಫುಕುವೋಕಾದಲ್ಲಿ ಸುಜುಕಿ ತಾಯಿಚಿ ಎಂಬ ಹೆಸರಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಸಿಗ್ನಲ್ ನೋಡಿ ನಿಲ್ಲಿಸಬೇಕು, ಇಂಡಿಕೇಟರ್ ಹಾಕಬೇಕು, ಹಿಂದೆ ಕೂತವರ ಮಾತಿಗೆ ಸರಿಯಾಗಿ ಉತ್ತರ ಕೊಡಬೇಕು. ಅದೇ ಗೇಮಿನ ಕೊನೆಯಲ್ಲಿ ಹರೂಕಾ ಸಾವಿರಾರು ಜನರೆದುರು ವೇದಿಕೆಯ ಮೇಲೆ ನಿಂತು ತನ್ನ ಮನೆಯವರು ಯಾರೆಂದು ಹೇಳಿ ಆ ಬದುಕನ್ನೇ ಬಿಟ್ಟು ಬರುತ್ತಾಳೆ.

ಇಚಿಬಾನ್ ಕಥೆ ಕಿರ್ಯೂ ಕಥೆಯಷ್ಟು ತಟ್ಟುತ್ತದಾ?

ತಟ್ಟುತ್ತದೆ, ಬೇರೆ ರೀತಿಯಲ್ಲಿ. ಕಿರ್ಯೂ ಎಲ್ಲವನ್ನೂ ನುಂಗಿಕೊಳ್ಳುವವನು. 2020ರ 'ಯಾಕುಜಾ: ಲೈಕ್ ಎ ಡ್ರ್ಯಾಗನ್' ಗೇಮಿನ ನಾಯಕ ಇಚಿಬಾನ್ ಕಸುಗಾ ಒಳಗಿನದೆಲ್ಲ ಹೊರಗೆ ಹಾಕುವವನು. ಹುಡುಗನಾಗಿದ್ದಾಗ ಬೇರೆ ಕುಲದವರ ಕೈಗೆ ಸಿಕ್ಕಿ, ಬದುಕಿಕೊಳ್ಳಲು ತಾನು ಯಾಕುಜಾ ಮುಖಂಡ ಅರಕಾವಾ ಕಡೆಯವನೆಂದು ಸುಳ್ಳು ಹೇಳುತ್ತಾನೆ. ಗುರುತು ಪರಿಚಯ ಇಲ್ಲದ ಅರಕಾವಾ ಬಂದು ತನ್ನ ಬೆರಳನ್ನೇ ಕತ್ತರಿಸಿ ಕೊಟ್ಟು ಬಿಡಿಸಿಕೊಳ್ಳುತ್ತಾನೆ. ಆ ಋಣಕ್ಕೆ ಇಚಿಬಾನ್ ಇನ್ನೊಬ್ಬರ ಕೊಲೆಯನ್ನು ಒಪ್ಪಿಕೊಂಡು 18 ವರ್ಷ ಒಳಗಿರುತ್ತಾನೆ. ಹೊರಬಂದ ದಿನ ಅವನವರು ಯಾರೂ ಬಾಗಿಲಲ್ಲಿ ಇರುವುದಿಲ್ಲ.

ಅಲ್ಲಿಂದ ಅವನು ಕೂಡಿಸಿಕೊಳ್ಳುವವರನ್ನು ನೋಡಿ: ಕೆಲಸ ಕಳೆದುಕೊಂಡ ಪೊಲೀಸ್ ಅದಾಚಿ, ಬೀದಿಯಲ್ಲಿ ಮಲಗುವ ಮಾಜಿ ನರ್ಸ್ ನಂಬಾ, ಬಾರ್ ನಡೆಸುವ ಸಾಯೆಕೊ. ಸರ್ವೈವ್ ಬಾರ್‌ನಲ್ಲಿ ಕೂತು ಇವರು ಒಬ್ಬೊಬ್ಬರಾಗಿ ಎದೆ ಬಿಚ್ಚುವ ಸಂಜೆಗಳನ್ನು ಒಂದೂ ಬಿಡದೆ ಆಡಿ. ಕೊನೆಯಲ್ಲಿ ಬಂದೂಕು ಹಿಡಿದು ನಿಂತ, ಅರಕಾವಾನ ಮಗನಾಗಿ ಬೆಳೆದ ಮಸಾತೊ ಎದುರು, ಬುಡದಿಂದ ಮತ್ತೆ ಶುರು ಮಾಡೋಣ ಬಾ ಎಂದು ಇಚಿಬಾನ್ ಗೋಗರೆಯುವಾಗ ಅವನ ಮೂಗು, ಕಣ್ಣು ಎಲ್ಲ ಸುರಿಯುತ್ತಿರುತ್ತದೆ.

ಇದು ರೌಡಿಗಳನ್ನು ದೊಡ್ಡವರನ್ನಾಗಿ ಮಾಡಿದಂತಲ್ಲವೇ?

ನ್ಯಾಯವಾದ ಪ್ರಶ್ನೆ. ನಾಯಕನ ಮೇಲೆ ಗೇಮಿಗೆ ಮೋಹ ಇರುವುದು ನಿಜ. ಆದರೆ ಆ ಬದುಕು ಯಾರಿಗೂ ಒಳಿತು ಮಾಡಿದ್ದನ್ನು ಎಲ್ಲೂ ತೋರಿಸುವುದಿಲ್ಲ. ಕಿರ್ಯೂ ಪ್ರೀತಿಸಿದವರೆಲ್ಲ ಅವನು ಯಾಕುಜಾ ಆಗಿದ್ದಕ್ಕೇ ಬೆಲೆ ತೆರುತ್ತಾರೆ. 2016ರ ಯಾಕುಜಾ 6 ಈ ವಿಷಯದಲ್ಲಿ ತುಂಬಾ ಕಠಿಣ. ತನ್ನಿಂದ ಅಸಾಗಾವೊದ ಮಕ್ಕಳಿಗೆ ತೊಂದರೆ ಎಂದು ಹರೂಕಾ ಹೇಳದೆ ಮನೆ ಬಿಟ್ಟಿದ್ದಾಳೆ. ಪ್ರೀತಿಸುವವರಿಂದ ದೂರ ಹೋಗುವುದೇ ಅವರನ್ನು ಕಾಯುವ ದಾರಿ ಎಂದು ಅವಳು ಕಲಿತದ್ದು ಕಿರ್ಯೂನಿಂದ. ಅವಳು ಅಪಘಾತಕ್ಕೆ ಸಿಕ್ಕಿ ಪ್ರಜ್ಞೆ ಇಲ್ಲದೆ ಮಲಗಿರುವಾಗ ಅವಳ ಕೂಸು ಹರೂಟೊನನ್ನು ಎತ್ತಿಕೊಂಡು ಅವನು ಹಿರೋಶಿಮಾದ ಒನೊಮಿಚಿಗೆ ಹೋಗುತ್ತಾನೆ. ಕೂಸು ಅಳುತ್ತದೆ, ಹಾಲಿನ ಪುಡಿಗಾಗಿ ಅಲೆಯುತ್ತಾನೆ, ನೀವು ಕಂಟ್ರೋಲರ್ ಹಿಡಿದು ಅದನ್ನು ಸಮಾಧಾನ ಮಾಡಬೇಕು. ಇಷ್ಟೆಲ್ಲ ಕಂಡ ಮೇಲೂ ಅವನು ಕೊನೆಗೆ ಮತ್ತೆ ಅದನ್ನೇ ಮಾಡುತ್ತಾನೆ: ಸತ್ತನೆಂದು ಲೋಕಕ್ಕೆ ತೋರಿಸಿ ಮಕ್ಕಳಿಂದ ದೂರವಾಗುತ್ತಾನೆ. ಅದು ತ್ಯಾಗವೋ ತಪ್ಪೋ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಎರಡೂ ಎಂದೇ ಅನ್ನಿಸುತ್ತದೆ.

ಮಕ್ಕಳಿಗೆ ಆಡಲು ಕೊಡಬಹುದಾ?

ಬೇಡ. ರಕ್ತಪಾತ, ಲೈಂಗಿಕ ವಿಷಯ ಎರಡೂ ಇವೆ. ದೊಡ್ಡವರ ಗೇಮ್.

ಎಲ್ಲಿಂದ ಶುರು ಮಾಡಲಿ?

ಕಿರ್ಯೂ ಕಥೆ ಬೇಕಿದ್ದರೆ ಯಾಕುಜಾ 0, ಆಮೇಲೆ ಕಿವಾಮಿ, ಕಿವಾಮಿ 2, ಮುಂದಿನವು ಕ್ರಮವಾಗಿ. ಸರದಿಯ ಪ್ರಕಾರ ಆಡುವ ಹೋರಾಟ ಇಷ್ಟವಿದ್ದರೆ ಇಚಿಬಾನ್‌ನ ಲೈಕ್ ಎ ಡ್ರ್ಯಾಗನ್‌ನಿಂದ ನೇರವಾಗಿ ಶುರು ಮಾಡಬಹುದು. ಸರಣಿಯಲ್ಲಿ ಆಮೇಲೆ ಬಂದ ಗೈಡನ್ ಮತ್ತು ಇನ್ಫಿನಿಟ್ ವೆಲ್ತ್ ಮಾತ್ರ ಮೊದಲು ಮುಟ್ಟಬೇಡಿ.

ಯಾವ ಭಾಷೆಯ ಧ್ವನಿ ಇಟ್ಟುಕೊಳ್ಳಲಿ?

ಜಪಾನಿ. ಕಿರ್ಯೂಗೆ 2005ರಿಂದ ದನಿ ಕೊಟ್ಟವರು ಕುರೊದಾ ತಕಾಯಾ, ಹರೂಕಾಗೆ ಕುಗಿಮಿಯಾ ರಿಯೆ, ಮಜೀಮಾಗೆ ಉಗಾಕಿ ಹಿದೆನಾರಿ. ಇಷ್ಟು ವರ್ಷ ಒಂದೇ ಕಂಠ ಒಂದು ಪಾತ್ರದ ಜೊತೆ ಹಣ್ಣಾಗಿರುವುದು ಕಿವಿಗೆ ತಿಳಿಯುತ್ತದೆ.

ಕಿರ್ಯೂ ಅಳುವ ದೃಶ್ಯ ಎಲ್ಲಿದೆ?

2023ರ ನವೆಂಬರ್‌ನಲ್ಲಿ ಬಂದ 'ಲೈಕ್ ಎ ಡ್ರ್ಯಾಗನ್ ಗೈಡನ್' ಕೊನೆಯಲ್ಲಿ. ಸತ್ತವನೆಂದು ದಾಖಲಾದ ಕಿರ್ಯೂ ಜೊರ್ಯೂ ಎಂಬ ಹೆಸರಿನಲ್ಲಿ ದೈದೋಜಿ ಎಂಬ ಗುಂಪಿಗೆ ಕೆಲಸ ಮಾಡುತ್ತಿದ್ದಾನೆ. ಅಸಾಗಾವೊ ಮಕ್ಕಳನ್ನು ಕಾಣುವಂತಿಲ್ಲ, ಅವರ ಸುರಕ್ಷತೆಗೆ ಕೊಟ್ಟ ಬೆಲೆ ಅದು. ಅವನ ಮೇಲ್ವಿಚಾರಕ ಹನಾವಾ ಅವನ ಕೈಗೆ ಒಂದು ಟ್ಯಾಬ್ಲೆಟ್ ಕೊಡುತ್ತಾನೆ. ಅದರಲ್ಲಿ ಆ ಮಕ್ಕಳ ವಿಡಿಯೋ, ಎಲ್ಲರೂ ಬೆಳೆದಿದ್ದಾರೆ.

ಮೊದಲು ಅವನು ಸುಮ್ಮನೆ ನೋಡುತ್ತಾನೆ. ಆಮೇಲೆ ತುಟಿ ಅದುರುತ್ತದೆ. ಆಮೇಲೆ ಬರುವ ಅಳುವಿಗೆ ಒಂದು ಹದ ಇಲ್ಲ, ಗಂಭೀರ ಗಂಡಸಿನ ಒಂದು ಹನಿ ಕಣ್ಣೀರಲ್ಲ ಅದು, ಉಸಿರು ಸಿಗದೆ ಮಗುವಿನಂತೆ ಬಿಕ್ಕುವುದು. ಅವನ ಕಥೆಯನ್ನು ಮೊದಲಿನಿಂದ ಆಡಿಕೊಂಡು ಬಂದವರಿಗೆ ಅದು ವರ್ಷಗಟ್ಟಲೆ ಕಟ್ಟಿಟ್ಟ ನೀರು. ನಾನು ಕಂಟ್ರೋಲರ್ ಕೆಳಗಿಟ್ಟು ಅತ್ತೆ.

ಇನ್ಫಿನಿಟ್ ವೆಲ್ತ್‌ನಲ್ಲಿ ಕಿರ್ಯೂಗೆ ಏನಾಗುತ್ತದೆ?

2024ರ ಜನವರಿಯಲ್ಲಿ ಬಂದ ಈ ಗೇಮಿನಲ್ಲಿ ಅವನಿಗೆ ಕ್ಯಾನ್ಸರ್. ಹಳೆಯ ಗೆಳೆಯ, ಮಾಜಿ ಪೊಲೀಸ್ ಪತ್ತೇದಾರ ದಾತೆ ಅವನಿಗಾಗಿ ಒಂದು ಕೆಲಸ ಮಾಡುತ್ತಾನೆ. ಕಿರ್ಯೂ ಬದುಕಿನಲ್ಲಿ ಬಂದುಹೋದವರನ್ನು ಒಬ್ಬೊಬ್ಬರಾಗಿ ಕರೆಸಿ ಮಾತಿಗೆಳೆಯುತ್ತಾನೆ. ಕಿರ್ಯೂ ಹತ್ತಿರದಲ್ಲೇ ಮರೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಾನೆ. ತಾನು ಮರೆತೇ ಬಿಟ್ಟಿದ್ದ ಸಣ್ಣ ಸಹಾಯಗಳನ್ನು ಅವರು ಇನ್ನೂ ನೆನಪಿಟ್ಟುಕೊಂಡಿದ್ದಾರೆ. ಅವರು ಸತ್ತವನ ಬಗ್ಗೆ ಮಾತಾಡುತ್ತಿದ್ದಾರೆ, ಅವನು ಅಲ್ಲೇ ಇದ್ದಾನೆ, ಎದ್ದು ಹೋಗಿ ಕೈ ಹಿಡಿಯುವಂತಿಲ್ಲ.

ಕೊನೆಯಲ್ಲಿ ಆಸ್ಪತ್ರೆ. ಗಾಲಿಕುರ್ಚಿಯಲ್ಲಿ ಕೂತಿದ್ದಾನೆ, ದೇಹ ಸೊರಗಿದೆ. ರೋಗಿಯ ಹೆಸರು ಖಚಿತ ಮಾಡಿಕೊಳ್ಳಲು ಕೇಳುತ್ತಾರೆ, ದಿನಕ್ಕೆ ನೂರು ಜನರನ್ನು ಕೇಳುವ ಹಾಗೆ. ಸುಜುಕಿ ಎನ್ನಬಹುದಿತ್ತು, ಜೊರ್ಯೂ ಎನ್ನಬಹುದಿತ್ತು. ಅವನು ಕಿರ್ಯೂ ಕಜುಮಾ ಎನ್ನುತ್ತಾನೆ.